ಚಂದ್ರನ ಮೇಲೆ ಸೈಕಲ್

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎರಡು ರೂಟ್ ಕೆನಾಲ್. ಮಧ್ಯಾಹ್ನ ಒಂದು ಹಟಮಾರಿ ಹಲ್ಲು — ಕಿತ್ತಾಯಿತು. ಸಂಜೆ ಮತ್ತೆ ಗುಜರಿ ಅಂಗಡಿ. ಹಳೇ ಮಿಕ್ಸಿಗಳ ಅಡಿಯಿಂದ ಒಂದು ರೆಕಾರ್ಡ್ ಎಳೆದೆ. ಕವರ್ ಮೇಲೆ "ಚಂದ್ರನ ಮೇಲೆ ಸೈಕಲ್" ಅಂತ ಮಾತ್ರ. ನುಡಿಸಿದವರ ಹೆಸರಿಲ್ಲ.

"ಇದನ್ನ ಯಾರೂ ಕೇಳಲ್ಲ ಡಾಕ್ಟ್ರೇ, ಸುಮ್ನೆ ತಗೊಂಡ್ಹೋಗಿ" ಎಂದ ಗುಜರಿಯವನು.

ಮನೆಗೆ ಬಂದು ಹಾಕಿದೆ... ಅಯ್ಯಯ್ಯೋ! ಸಿಂಥಸೈಜರ್! ಎಲೆಕ್ಟ್ರಾನಿಕ್ ಕೀಬೋರ್ಡಿನ ಪುಟ್ಟ ಪುಟ್ಟ ಬೀಪ್‌ಗಳು, ಅಡಿಯಲ್ಲಿ ಹೊಟ್ಟೆ ತುಂಬಿದ ಬೆಕ್ಕಿನ ಗೊರಗೊರ. ನಲವತ್ತು ವರ್ಷ ಹಳೆಯದಿರಬೇಕು, ನಿನ್ನೆ ಮಾಡಿದಂತಿದೆ. ಅಡುಗೆಮನೆಯಲ್ಲಿ ಸೌಟು ಹಿಡಿದೇ ಕುಣಿದೆ. ಅಕ್ಕ ಬಾಗಿಲಲ್ಲಿ ನಿಂತು, "ಏನೇ ಅದು, ಫ್ರಿಜ್ ಕೆಟ್ಟೋಯ್ತಾ?" ಎಂದಳು.

ಮಾರ್ಚ್ 4

ಕೊನೆಯೇ ಇಲ್ಲ! ರಾಗ ಏರುತ್ತದೆ, ಏರುತ್ತದೆ, ಇನ್ನೇನು ಇಳಿಯಬೇಕು — ಅಲ್ಲೊಂದು ಆಳವಾದ ಗೀರು, ರೆಕಾರ್ಡಿನ ಕೊನೆಯವರೆಗೂ. ಮುಳ್ಳು ಸಿಕ್ಕಿಕೊಂಡು ಟಿಕ್, ಟಿಕ್. ಸೋಪಿನ ನೀರಲ್ಲಿ ಒರೆಸಿದೆ, ಬೈದೆ, ಬೇಡಿಕೊಂಡೆ. ಊಹೂಂ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಕೊನೆ ಕೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮಾರ್ಚ್ 21

ಇಂಟರ್ನೆಟ್ ಜಾಲಾಡಿದೆ. ರೆಕಾರ್ಡ್ ಹುಚ್ಚರನ್ನೆಲ್ಲ ಕೇಳಿದೆ. ಯಾರಿಗೂ ಗೊತ್ತಿಲ್ಲ. ಗೀರಿನವರೆಗಿನದನ್ನು ಫೋನಿಗೆ ಇಳಿಸಿಕೊಂಡು ಈಗ ಕ್ಲಿನಿಕ್‌ನಲ್ಲೇ ಹಾಕುತ್ತೇನೆ. ಟೋಕನ್ ಕೊಡುತ್ತಲೇ ಅಕ್ಕನ ಗೊಣಗಾಟ — "ಇರೋ ಪೇಷಂಟೂ ಓಡಿಹೋಗ್ತಾರೆ ನೋಡು."

ಏಪ್ರಿಲ್ 9, ಬುಧವಾರ

ಎದುರು ಬೀದಿಯ ಕನ್ನಡಕದ ಅಂಗಡಿಯವರು ಬಂದಿದ್ದರು. ದವಡೆ ಹಲ್ಲು. ಇಂಜೆಕ್ಷನ್ ಕೊಟ್ಟು, ಬಾಯಿಗೆ ಹತ್ತಿ ತುರುಕಿ, ಡ್ರಿಲ್ ಎತ್ತಿಕೊಂಡೆ. "ಸೈಕಲ್" ಶುರುವಾಯಿತು. ಅವರ ಕಣ್ಣು ಇಷ್ಟಗಲ!

"ನೋವಾಗ್ತಿದೆಯಾ?"

"ಆಆ! ಆಆ!"

ಇನ್ನೊಂದು ಇಂಜೆಕ್ಷನ್ ಕೊಟ್ಟೆ. ಪಾಪ, ಮತ್ತೂ ಜೋರಾಗಿ ಕೈ ಬೀಸಿದರು. ಕೊನೆಗೆ ನನ್ನ ಟ್ರೇ ಎಳೆದುಕೊಂಡು ಅದರ ಅಂಚಿನ ಮೇಲೆ ಬೆರಳಾಡಿಸತೊಡಗಿದರು — ಒಂದೊಂದು ಬೀಪಿಗೂ ಸರಿಯಾಗಿ. ಹತ್ತಿ ಕಿತ್ತೆ.

"ನಂದು... ಅದು ನಂದು ಡಾಕ್ಟ್ರೇ!" ಜೊಲ್ಲು ಗಲ್ಲದವರೆಗೆ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ! ನನ್ನ ಮೂಗಿನ ಮೇಲಿರುವ ಕನ್ನಡಕ ಮಾಡಿಕೊಟ್ಟವರೇ ಇವರು. ಬಾಯಿ ಮುಕ್ಕಳಿಸಲೂ ಬಿಡದೆ ಕೇಳಿದೆ, "ಕೊನೆ ಹೇಗಿದೆ?"

ಮುಖ ಬಾಡಿತು. "ಮರ್ತೋಗಿದೆ. ಒಂದು ರೆಕಾರ್ಡೂ ಇಟ್ಕೊಂಡಿಲ್ಲ. ಯಾರೂ ಕೊಳ್ಳಲಿಲ್ಲ, ಕೀಬೋರ್ಡು ಮಾರ್ಬಿಟ್ಟೆ."

ಬಾಗಿಲು ದಾಟುವಾಗ ತಿರುಗಿ, ಇನ್ನೊಂದು ಸಲ ಹಾಕ್ತೀರಾ ಅಂತ ಕೇಳಿದರು. ಹಾಕಿದೆ. ಅವರು ಹೋದ ಮೇಲೆ ಅಳು ಬಂತು.

ಏಪ್ರಿಲ್ 12, ಶನಿವಾರ

ಕನ್ನಡಕದವರು ಫಿಲ್ಲಿಂಗಿಗೆ ಹೆಂಡತಿಯ ಜತೆ ಬಂದಿದ್ದರು. ಆಕೆ ಹೊರಗೆ ಬೆಂಚಿನ ಮೇಲೆ. "ಸೈಕಲ್" ಗೀರಿನವರೆಗೆ ಬಂತು, ನಿಂತಿತು. ಹೊರಗಿನಿಂದ ಒಂದು ದನಿ ಅದನ್ನೇ ಎತ್ತಿಕೊಂಡು ಗುನುಗುತ್ತಾ ಮುಂದೆ ಹೋಯಿತು! ಓಡಿದೆ, ಅವರೂ ಹಿಂದೆಯೇ. ನಮ್ಮನ್ನು ಕಂಡದ್ದೇ ತಡ, ಆಕೆ ನಾಚಿ ನಿಲ್ಲಿಸಿಬಿಟ್ಟರು.

"ಏನ್ ಹಾಗೆ ನೋಡ್ತೀರಾ? ಮದುವೆಯಾದ ಹೊಸ್ತರಲ್ಲಿ ಇವ್ರ ಗುಂಯ್ ಗುಂಯ್ ಕೇಳಿ ಕೇಳಿ ತಲೆ ಚಿಟ್ಟು ಹಿಡ್ದಿತ್ತು. ಬಾಯಿಪಾಠ ಆಗ್ದೆ ಇನ್ನೇನು?"

"ನೀನು ಆಗ ಕೇಳಿಸ್ಕೋತಿದ್ದ್ಯಾ?" ಇವರ ಬಾಯಿ ತೆರೆದದ್ದು ತೆರೆದಂತೆಯೇ.

"ಒಂದೇ ರೂಮು. ಕೇಳಿಸ್ಕೊಳ್ದೆ ಎಲ್ಲಿಗೆ ಹೋಗ್ಲಿ?" ಆಮೇಲೆ ಮೆಲ್ಲಗೆ, "ಕೀಬೋರ್ಡ್ ಮಾರಿದ ದಿನ ನಾನೇ ಜಾಸ್ತಿ ಅತ್ತಿದ್ದು. ನೀವು ನೋಡ್ಲಿಲ್ಲ."

ಅಕ್ಕ ಟೋಕನ್ ಕೊಡುವುದನ್ನೇ ಮರೆತಳು.

ಏಪ್ರಿಲ್ 20, ಭಾನುವಾರ, ಸಂಜೆ

ಕ್ಲಿನಿಕ್‌ಗೆ ರಜೆ. ಬೆಂಚುಗಳನ್ನು ಗೋಡೆಗೆ ಸರಿಸಿದೆವು. ಬಾಡಿಗೆ ಕೀಬೋರ್ಡ್ ಬಂದಿದೆ. ಆಕೆ ಗುನುಗುವುದು, ಇವರು ಹುಡುಕಿ ಒತ್ತುವುದು. ಜತೆಗೆ ಜಗಳ.

"ಅದಲ್ಲಾರೀ, ಅದರ ಮೇಲಿಂದು."

"ಮಾಡಿದೋನು ನಾನು ಕಣೇ!"

"ಮರ್ತೋರೂ ನೀವೇ."

ಈಗ ಪೂರ್ತಿ ನುಡಿಸುತ್ತಿದ್ದಾರೆ, ಮೊದಲಿನಿಂದ. ಫೋನ್ ರೆಕಾರ್ಡಿಂಗಿಗೆ ಇಟ್ಟು ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಏರುತ್ತಿದೆ... ಗೀರಿನ ಜಾಗ... ದಾಟಿತು! ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯುತ್ತಿಲ್ಲ — ಇನ್ನೂ ಮೇಲೆ, ಇನ್ನೂ — ಆಕೆ ನಗುತ್ತಿದ್ದಾರೆ, ಇವರ ಕಣ್ಣಲ್ಲಿ ನೀರು — ಅಯ್ಯೋ, ಅಕ್ಕ ಕುಣಿಯೋಕೆ ಎದ್ದಳು, ನನ್ನ ಕೈಯನ್ನೂ ಎಳೆ—