ತಿರುವಿ ನೋಡಿದೆ, ಅಪ್ಪಾ

ಅಪ್ಪಾ,

"ಪದ್ದೀ, ಮುಂಬೈಯಾಗ ಏನ್ ಕೆಲಸ ಮಾಡತೀಯವ್ವ?" ಅಂತ ಫೋನಿನ್ಯಾಗ ಕೇಳತಿದ್ದಿ. ನೀ ತೀರಿ ಹೋಗಿ ವರ್ಷ ಆತು, ಈಗರ ಪೂರಾ ಹೇಳತೀನಿ. ಹೋಲ್ಮಿಯಂ ಅನ್ನೋ ಅಪರೂಪದ ಲೋಹ ಬೆರೆಸಿದ ಪುಡಿಗೆ ನ್ಯೂಟ್ರಾನು ಹಾಯಸತೀವಿ. ಅವು ಚದುರೋ ರೀತಿ ನೋಡಿದ್ರ, ಒಳಗಿನ ಸಣ್ಣ ಸಣ್ಣ ಅಯಸ್ಕಾಂತ ಹೆಂಗ ಸಾಲುಗಟ್ಟಿ ನಿಂತಾವ ಅಂತ ತಿಳೀತೈತಿ.

ಹೋದ ವಾರ ಪುಡಿ ಭಾಳ ತಣ್ಣಗ ಮಾಡಿದಾಗ ಗ್ರಾಫಿನ್ಯಾಗ ಹೊಸಾ ಶಿಖರ ಎದ್ದವು. "ಪುಡಿ ಇಟ್ಟ ಡಬ್ಬಿದಿರಬೇಕು, ಬಿಡ್ರಿ" ಅಂದ್ರು ನಮ್ಮ ಸರ್. ನಾ ಬಿಡಲಿಲ್ಲ. ಸೀರಿ ಮಗ್ಗದಿಂದ ಇಳಿಸಿದ ಕೂಡ್ಲೆ ನೀ ಮುಂಬದಿ ನೋಡತಿರಲಿಲ್ಲ. ತಿರುವಿ ಹಾಕಿ, ರೇಷ್ಮಿ ಅಂಚು ಹತ್ತಿ ನೂಲಿನ ಒಡಲಿಗೆ ಕೂಡಿದಲ್ಲಿ ಬೆರಳಾಡಿಸತಿದ್ದಿ; ನೇಯ್ಗಿ ತಪ್ಪಿದ್ರ ಅಲ್ಲೇ ಸಿಗತಿತ್ತು. ನಾನೂ ತಿರುವಿ ನೋಡಿದೆ: ಪುಡಿ ಮತ್ತ ಬೆಚ್ಚಗ ಮಾಡಿದೆ, ಶಿಖರ ಮಾಯ ಆದವು. ತಣ್ಣಗ ಮಾಡಿದೆ, ಅಲ್ಲೇ ಎದ್ದವು. ಡಬ್ಬಿವಾಗಿದ್ರ ಬೆಚ್ಚಗಾದ್ರೂ ಅಲ್ಲೇ ಇರತಿದ್ವು, ಎಲ್ಲಿ ಹೋಗತಿದ್ವು? ಅವು ನಮ್ಮ ಅಯಸ್ಕಾಂತದ್ವ!

ಸರ್ ಎದ್ದು ನಿಂತು, "ಹಿಂಗ ನೋಡೋದು ಎಲ್ಲಿ ಕಲತ್ರಿ?" ಅಂದ್ರು.

"ಗದ್ವಾಲದಾಗ, ನಮ್ಮಪ್ಪನ ಹತ್ರ" ಅಂದೆ.

ಇವತ್ತ ಗದ್ವಾಲದ ಮನಿಗೆ ಬಂದು, ಆ ಗ್ರಾಫನ್ನ ನಿನ್ನ ಬರಿ ಮಗ್ಗದ ಮ್ಯಾಲ ಬೋರಲು ಇಟ್ಟೀನಿ. ನೀ ಮೊದಲು ನೋಡೋದು ಹಿಂಬದಿನ ಅಲ್ಲೇನು?