ಸೀಳದ ಹಾಳೆಗಳು

ಪೀಟರ್ಸ್‌ಬರ್ಗ್
9 ಮಾರ್ಚ್ 1886, ಭಾನುವಾರ

ಮುದ್ದಿನ ಮಗಳು ಗ್ಲಾಶಾಗೆ,

ನಿನ್ನ ಕೆಮ್ಮು ಹೇಗಿದೆ? ಎದೆಗೆ ಬಾತುಕೋಳಿಯ ಕೊಬ್ಬು ಸವರಿಕೋ. ಉಪವಾಸದ ದಿನಗಳಲ್ಲಿ ಅದನ್ನು ತಿನ್ನಬಾರದೇ ಹೊರತು ಹಚ್ಚಿಕೊಳ್ಳಬಾರದೆಂದು ಯಾವ ಪಾದ್ರಿಯೂ ಹೇಳಿಲ್ಲ. ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ಮಾತ್ರ ಕೋಟೆಯ ಸೇತುವೆ ಕಂಡರೆ ಮುನಿಸಿಕೊಳ್ಳುತ್ತದೆ.

ನಿನ್ನ ತಮ್ಮ ವೇನ್ಯಾ ಆ ಕೋಟೆಯ ಸೆರೆ ಸೇರಿ ಹದಿನಾರು ತಿಂಗಳಾಯಿತು. ನಾಲ್ಕು ಕರಪತ್ರ ಅಚ್ಚು ಹಾಕಿದ್ದಕ್ಕೆ ಕಾಗದ ಬರೆಯುವಂತಿಲ್ಲ, ಮುಖ ತೋರಿಸುವಂತಿಲ್ಲ. ನಾವು ಪುಸ್ತಕ ಮಾತ್ರ ಕೊಡಬಹುದು. ಅದರಲ್ಲೂ ನಾನು ಮಾಡಿಕೊಂಡ ಎಡವಟ್ಟು ನಿನಗೆ ಗೊತ್ತೇ ಇದೆ. ನಿಮ್ಮಪ್ಪ ಓದುತ್ತಿದ್ದ ಹಳೆಯ ಪುಸ್ತಕ ಕೊಟ್ಟೆ. ಅವರು ಪೆನ್ಸಿಲ್ಲಿನಲ್ಲಿ ಎಳೆದ ಗೆರೆಗಳನ್ನು ಕೋಟೆಯವರು ಗುಟ್ಟಿನ ಸಂದೇಶ ಎಂದುಕೊಂಡು, ತಿಂಗಳಿಡೀ ವೇನ್ಯಾಗೆ ಒಂದಕ್ಷರ ಸಿಗದ ಹಾಗೆ ಮಾಡಿದರು. ಸತ್ತವರು ಎಳೆದ ಗೆರೆಗೂ ಇಷ್ಟು ಹೆದರಿಕೆ! ಅಂದಿನಿಂದ ಅಂಗಡಿಯ ಹೊಸ ಪುಸ್ತಕವನ್ನೇ, ಅಚ್ಚಿನಿಂದ ಬಂದಂತೆ ಅಂಚು ಕೂಡಿಕೊಂಡೇ ಇರುವ ಹಾಳೆಗಳ ಮಡಿಕೆ ಸೀಳದೆ, ಹಾಗೇ ಒಯ್ಯುತ್ತೇನೆ. ಒಳಗೆ ಅವನಿಗೆ ಚಾಕು ಎಲ್ಲಿಂದ ಬರಬೇಕು? ಮರದ ಚಮಚದ ಹಿಡಿಯಿಂದ ಸೀಳಿ ಓದುತ್ತಾನಂತೆ. ವಾಪಸು ಬಂದಾಗ ಅಂಚೆಲ್ಲ ಇಲಿ ಕಡಿದ ಹಾಗಿರುತ್ತದೆ. ಕೊನೆಯ ಹಾಳೆಯವರೆಗೂ ಬೆರಳಾಡಿಸುತ್ತೇನೆ. ನನಗೆ ಅದೇ ಅವನ ಕಾಗದ.

ಹೋದ ಸೋಮವಾರ ಅಲ್ಲಿನ ಅಧಿಕಾರಿ, "ಏನಮ್ಮಾ, ನಿಮ್ಮ ಮಗ ಪುಸ್ತಕ ಓದ್ತಾನೋ, ತಿಂತಾನೋ?" ಎಂದು ನಕ್ಕ. "ನಿಮ್ಮ ಗಂಜಿಗಿಂತ ರುಚಿಯಾಗಿರ್ಬೇಕು ಕಣಪ್ಪಾ" ಎಂದೆ. ಮಗ ಆರಾಮಾಗಿದ್ದಾನೆ ಎಂದೂ ಹೇಳಿದ. ಆದ್ದರಿಂದ ಹಿಮ ಕರಗಿದ ಈ ಕೆಸರಿನಲ್ಲಿ ನೀನು ಹೊರಡಬೇಡ; ಈಸ್ಟರ್ ಕಳೆಯಲಿ. ಅಪ್ಪನ ದಂತದ ಹಾಳೆಚಾಕುವನ್ನು ಜೋಪಾನವಾಗಿಡು. ವೇನ್ಯಾ ಮನೆಗೆ ಬಂದ ದಿನ ಅವನ ಕೈಗೇ ಕೊಡೋಣ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ದೇವಮಾತೆ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಮ್ಮ,
ಎವ್ಲಾಂಪಿಯಾ

ಸೋಮವಾರ, ಅವಸರದಲ್ಲಿ: ಕಾಗದ ಅಂಟಿಸುವ ಮೊದಲು ಕೋಟೆಗೆ ಹೋಗಿಬಂದೆ. ನಾನು ಒಯ್ದ ಹೊಸ ಪುಸ್ತಕವನ್ನು ಅವರು ತೆಗೆದುಕೊಳ್ಳಲಿಲ್ಲ. ಹಿಂದೆ ಕೊಟ್ಟದ್ದನ್ನು ಕೈಗಿಟ್ಟ ಅಧಿಕಾರಿ ಇವತ್ತು ತಮಾಷೆ ಮಾಡಲಿಲ್ಲ. "ಆರಾಮಾಗಿದಾನೆ, ಹೋಗ್ಬನ್ನಿ ಅಮ್ಮಾ" ಎಂದ, ನನ್ನ ಮುಖ ನೋಡದೆ. ಪುಸ್ತಕ ಅರವತ್ತನಾಲ್ಕನೇ ಪುಟದವರೆಗೆ ಸೀಳಿದೆ. ಮುಂದಿನ ಮಡಿಕೆಯಲ್ಲಿ ಚಮಚದ ಸೀಳು ಅರ್ಧಕ್ಕೇ ನಿಂತಿದೆ. ಊಟ ಬಿಟ್ಟಾನು, ಓದು ಅರ್ಧಕ್ಕೆ ಬಿಡುವವನಲ್ಲ ನಮ್ಮ ವೇನ್ಯಾ. ನನಗೆ ಭಯವಾಗುತ್ತಿದೆ. ಕೆಸರಿರಲಿ, ಏನೇ ಇರಲಿ, ಹೊರಟು ಬಾ ಮಗಳೇ. ಚಾಕು ತರಬೇಡ. ಉಳಿದ ಹಾಳೆಗಳನ್ನು ನಾನು ಸೀಳುವುದಿಲ್ಲ.