ಗೋಡೆಯಲ್ಲಿ ಉಳಿದ ಹತ್ತಿಯ ಗೆರೆ

ಅಪ್ಪಯ್ಯಾ,

ನೀವು ತೀರಿಹೋಗಿ ಮೂರು ವರ್ಷವಾಯಿತು. ಆದರೂ ಇದನ್ನು ನಿಮಗೇ ಹೇಳಬೇಕು. ಹಂಗಾರಕಟ್ಟೆಯ ನಮ್ಮ ಲೈಬ್ರರಿಯ ಮೂಲೆಯಲ್ಲಿ ಇವತ್ತು ಬೆಳಿಗ್ಗೆ ಸಿಮೆಂಟ್ ಸಾರಣೆ ಕಳಚಿ ಬಿತ್ತು. ಒಳಗೆ ನೀವು ಕಟ್ಟಿದ ಬರಿ ಕಾಂಕ್ರೀಟ್ ಗೋಡೆ. ಕಾಂಕ್ರೀಟ್ ಸುರಿಯಲು ನೀವು ಕಟ್ಟಿದ್ದ ಹಲಗೆಗಳ ಗಂಟು, ಎಳೆ ಎಲ್ಲ ಹಾಗೇ ಅಚ್ಚೊತ್ತಿವೆ.

ನೋಡಲು ಬಂದ ಇಂಜಿನಿಯರ್ ರತೀಶ್, "ಕಾಂಕ್ರೀಟನ್ನು ಮುಚ್ಚದೆ ಬಿಡುವ ಈ ಶೈಲಿಗೆ ಬ್ರೂಟಲಿಸಂ ಅಂತಾರೆ ಮೇಡಂ" ಎಂದ. ಹಲಗೆಗಳ ಸಂದಿನ ಗೆರೆ ಮುಟ್ಟಿ, "ಇದೆಂತದು?" ಎಂದ. ದೋಣಿ ಕಟ್ಟುವ ಕೈ ನಿಮ್ಮದು. ಆ ಸೆಂಟ್ರಿಂಗ್ ಹಲಗೆಯ ಸಂದಿಗೂ ದೋಣಿಯ ಸಂದಿಗೆ ತುಂಬುವ ಹಾಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುಂಬಿದ್ದಿರಿ; ಆ ಗೆರೆ ಅದರದೇ ಅಚ್ಚು. "ಒಂದ್ ಹನಿ ಸಿಮೆಂಟ್ ನೀರ್ ಹೊರ್ಗ್ ಹೋಪುಕಾಗ, ಕಾಣ್" ಅಂದಿದ್ದಿರಿ.

ನಾನು ಲೈಬ್ರರಿಯ ಕಾರ್ಯದರ್ಶಿಯಾದ ವರ್ಷ, ಅರ್ಧಕ್ಕೆ ಬಿಟ್ಟ ಕಟ್ಟಡದ ಹಾಗಿದೆ ಎಂದು ಸಾರಣೆ ಮಾಡಿಸಿ ಗುಲಾಬಿ ಬಣ್ಣ ಹೊಡೆಸಿದೆ. ನೀವು ಕೇಳಿದ್ದು ಇಷ್ಟೇ: "ಗೋಡಿಗ್ ಅಂಗಿ ಎಂತಕ್?"

ರತೀಶನಿಗೆ ಖುಷಿಯೋ ಖುಷಿ. "ಸಾರಣೆ ಪೂರ್ತಿ ತೆಗೆದರೆ ಇಡೀ ಗೋಡೆ ಹೀಗೇ ಸಿಗುತ್ತದಲ್ಲ?" ಎಂದ. ಸಿಗುವುದಿಲ್ಲ, ಅಪ್ಪಯ್ಯ. ಸಾರಣೆ ಕಚ್ಚಿಕೊಳ್ಳಲಿ ಎಂದು ಮೊದಲು ಗೋಡೆಯನ್ನೆಲ್ಲ ಉಳಿಯಿಂದ ಕೊಚ್ಚಿಸಿದ್ದೆ. ಕೆಲಸದವರು ಉದಾಸೀನ ಮಾಡಿ ಬಿಟ್ಟದ್ದು ಈ ಮೂಲೆ ಒಂದನ್ನೇ.

ಅವನು ಗೋಡೆ ಬಡಿದು ನೋಡುತ್ತಿದ್ದಾಗ ಎದುರಿನ, ದೋಣಿ ನಿಲ್ಲುವ ದಕ್ಕೆಗೆ ಹೋಗಿ ನಿಂತೆ. ಕೊಚ್ಚಿಸಿದ ಆ ಎರಡು ದಿನವೂ ನೀವು ಅಲ್ಲೇ ಕೂತು ದೋಣಿಗೆ ಹತ್ತಿ ತುಂಬುತ್ತಿದ್ದಿರಿ.

ಅಲ್ಲಿಗೆ ಒಂದೊಂದು ಪೆಟ್ಟೂ ಕೇಳುತ್ತದೆ.